ನನ್ನ 1968ರ ಜಿಟಿಒ ಮಾರಿದ ಕಥೆ: ಶೋರೂಮು, ಆನ್‌ಲೈನ್ ಹರಾಜು, ಕೊನೆಗೆ ನಾನೇ

ಮೊದಲೇ ಹೇಳಿಬಿಡುತ್ತೇನೆ. ಹಳೇ ಅಮೆರಿಕನ್ ಮಸಲ್ ಕಾರು (ದೊಡ್ಡ ಎಂಜಿನ್ನಿನ, ವೇಗದ ಕಾರು), ಅದರಲ್ಲೂ ಫ್ಯಾಕ್ಟರಿಯಲ್ಲಿ ಹೊಡೆದ ಬಣ್ಣ ಇನ್ನೂ ಮೈಮೇಲಿರುವ ಕಾರು ಮಾರುವುದಾದರೆ ನೀವೇ ನಿಂತು ಮಾರಿ. ಅದಕ್ಕೆ ಪುರುಸೊತ್ತಿಲ್ಲ ಅಂದರೆ ಆನ್‌ಲೈನ್ ಹರಾಜಿಗೆ ಹಾಕಿ. ಕಮಿಷನ್ ಮೇಲೆ ಮಾರಿಕೊಡುವ ಶೋರೂಮಿನವರ ಕೈಗೆ ಮಾತ್ರ ಕೀ ಕೊಡಬೇಡಿ. ನಾನು ಕೊಟ್ಟೆ. ಹದಿನಾಲ್ಕು ತಿಂಗಳಲ್ಲಿ ಈ ಮೂರು ದಾರಿಯನ್ನೂ ಒಂದೇ ಕಾರಿನ ಮೇಲೆ ಪ್ರಯೋಗ ಮಾಡಿದ್ದೇನೆ, ಹಾಗಾಗಿ ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತೇನೆ.

ನಾವಿರುವುದು ಮಿಶಿಗನ್ನಿನ ಟ್ರಾಯ್‌ನಲ್ಲಿ. ಪಾಂಟಿಯಾಕ್ ಊರು ಇಲ್ಲಿಂದ ಹೆಚ್ಚು ದೂರವಿಲ್ಲ. ನನ್ನ ಜಿಟಿಒ ಜನರಲ್ ಮೋಟರ್ಸ್ (ಜಿಎಂ) ಕಂಪನಿಯ ಪಾಂಟಿಯಾಕ್ ಬ್ರ್ಯಾಂಡಿನ ಕಾರು, ಹುಟ್ಟಿದ್ದು ಅದೇ ಹೆಸರಿನ ಆ ಊರಿನ ಕಾರ್ಖಾನೆಯಲ್ಲೇ. ವರ್ಡೊರೊ ಗ್ರೀನ್ ಬಣ್ಣ, ನಾಲ್ಕು ಗೇರು, 6.6 ಲೀಟರ್ ಎಂಜಿನ್. ಮೊದಲ ಒಡೆಯನ ಮಗಳಿಂದ 2012ರಲ್ಲಿ ಕೊಂಡಿದ್ದೆ. ಈಗ ಅಮ್ಮನನ್ನು ನೋಡಿಕೊಳ್ಳಲು ಮೈಸೂರಿಗೆ ವಾಪಸ್ ಹೊರಟಿದ್ದೇವೆ. "ಕಾರನ್ನೂ ತಗೊಂಡು ಬನ್ನಿ ಭಾವ" ಅಂತ ಬಾಮೈದ ಫೋನಿನಲ್ಲಿ ನಗುತ್ತಿದ್ದ. ಲೀಟರಿಗೆ 5 ಕಿಲೋಮೀಟರ್ ಕೊಟ್ಟರೆ ಪುಣ್ಯ ಅನ್ನುವ ಗಾಡಿ, ಎಡಗಡೆ ಸ್ಟೀರಿಂಗು, ನಮ್ಮ ಒಂಟಿಕೊಪ್ಪಲಿನ ರಸ್ತೆಯಲ್ಲಿ ತಿರುಗಿಸುವುದು ಹೇಗೆ?

ಜಿಟಿಒ ಅಪರೂಪದ ಕಾರೇನಲ್ಲ. 1968ರ ಮಾಡೆಲ್ ಒಂದೇ 87,684 ತಯಾರಾಗಿತ್ತು. ಅಪರೂಪ ಏನೆಂದರೆ, ಯಾರೂ ಕೈಹಾಕದೆ ಬಿಟ್ಟಿರುವ ಜಿಟಿಒ. ಹೆಚ್ಚಿನವು ರೇಸಿನಲ್ಲಿ ಎಂಜಿನ್ ಸುಟ್ಟುಕೊಂಡವು, ತುಕ್ಕು ಹಿಡಿದವು, ಇಲ್ಲವೇ ಎರಡೆರಡು ಸಲ ಬಣ್ಣ ಬಳಿಸಿಕೊಂಡವು. ನನ್ನದರ ಮೇಲೆ ಆಗಿನ ಜಿಎಂ ಬಳಸುತ್ತಿದ್ದ ಅಕ್ರಿಲಿಕ್ ಲ್ಯಾಕರ್ ಅನ್ನುವ ಬಣ್ಣ ಹಾಗೇ ಇತ್ತು. ಹತ್ತಿರ ಹೋದರೆ ಬತ್ತಿದ ಕೆರೆಯ ಮಣ್ಣಿನ ಹಾಗೆ ಸಣ್ಣ ಸಣ್ಣ ಬಿರುಕು. ಮುಂದಿನ ಎಂಡ್ಯೂರಾ ಬಂಪರಿನ (ರಬ್ಬರಿನಂಥ ವಸ್ತುವಿನದು) ಹಸಿರು ಬೇರೆ, ಬಾಡಿಯ ಹಸಿರು ಬೇರೆ. ಗೊತ್ತಿಲ್ಲದವರಿಗೆ ಇದು ಹಳೇ ಕಾರಿನ ದೋಷ. ಗೊತ್ತಿದ್ದವರು ಇದಕ್ಕೇ ದುಡ್ಡು ಕೊಡುತ್ತಾರೆ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ, ಮೂರು ದಾರಿಗೂ ಅದು ಒಂದೇ. ಆ ವರ್ಷದ ನಿಜವಾದ ಜಿಟಿಒ ಆದರೆ ವಿನ್ ನಂಬರು, ಅಂದರೆ ಕಾರಿನ ಗುರುತಿನ ಸಂಖ್ಯೆ, 242ರಿಂದ ಶುರುವಾಗಬೇಕು. ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್‌ನವರಿಗೆ ಆ ನಂಬರ್ ಕಳಿಸಿದರೆ ಕಾರಿನ ಫ್ಯಾಕ್ಟರಿ ದಾಖಲೆಯ ಪ್ರತಿ ಬರುತ್ತದೆ. ಯಾವ ಎಂಜಿನ್, ಯಾವ ಆಪ್ಷನ್ನು, ಎಲ್ಲ ಅದರಲ್ಲಿರುತ್ತದೆ. ಪಾಂಟಿಯಾಕ್ ಕಾರು ಇರುವವರಿಗೆ ಇದೊಂದು ಭಾಗ್ಯ. ಶೆವ್ರೊಲೆಯವರ 1969ರ ಶೆವೆಲ್ ಎಸ್ಎಸ್ ಇಟ್ಟುಕೊಂಡವರನ್ನು ಕೇಳಿ, ಆ ವರ್ಷ ಎಸ್ಎಸ್ ಬೇರೆ ಮಾಡೆಲ್ ಅಲ್ಲ, ಬರೀ ಆಪ್ಷನ್ ಆಗಿದ್ದರಿಂದ ವಿನ್ ನೋಡಿ ಅಸಲಿಯೋ ನಕಲಿಯೋ ಹೇಳಲಾಗುವುದಿಲ್ಲ.

ಇನ್ನೊಂದು ನನ್ನ ರಟ್ಟಿನ ಪೆಟ್ಟಿಗೆ. ಹನ್ನೊಂದು ವರ್ಷದಲ್ಲಿ ಬಿಚ್ಚಿದ ಯಾವ ಪಾರ್ಟನ್ನೂ ಬಿಸಾಡಿರಲಿಲ್ಲ. ಹಳೇ ಹೋಸು, ಕ್ಲ್ಯಾಂಪು, ಕೆಟ್ಟ ಹಾರನ್ನು, ಸೀಳಿದ ಫ್ಯಾನ್ ಬೆಲ್ಟು, ಎಲ್ಲಕ್ಕೂ ಬಿಚ್ಚಿದ ತಾರೀಕಿನ ಚೀಟಿ ಕಟ್ಟಿಟ್ಟಿದ್ದೆ. ಹೆಂಡತಿ ಇದನ್ನು ಗುಜರಿ ಅಂಗಡಿ ಅನ್ನುತ್ತಿದ್ದಳು. ಈ ಪೆಟ್ಟಿಗೆಯನ್ನು ಯಾರು ಹೇಗೆ ನೋಡಿದರು ಅನ್ನುವುದರಲ್ಲೇ ಮೂರು ದಾರಿಯ ವ್ಯತ್ಯಾಸ ಗೊತ್ತಾಗುತ್ತದೆ.

ಶೋರೂಮು

ಜೂನ್‌ನಲ್ಲಿ ಕೊಟ್ಟೆ. 10 ಪರ್ಸೆಂಟ್ ಕಮಿಷನ್. 48,000 ಡಾಲರಿಗೆ ಹಾಕೋಣ ಅಂದರು. ನೆಲ ಕನ್ನಡಿಯ ಹಾಗಿತ್ತು, ಕಾಫಿ ಕೊಟ್ಟರು, ಮಾತು ಬೆಣ್ಣೆ. ರಟ್ಟಿನ ಪೆಟ್ಟಿಗೆ ತೋರಿಸಿದಾಗ ಮಾತ್ರ ಸೇಲ್ಸ್‌ನವನು "ಅದು ಮನೆಯಲ್ಲೇ ಇರಲಿ, ಗಿರಾಕಿ ಹೆದರುತ್ತಾರೆ" ಅಂದ. ಅಲ್ಲೇ ನನಗೆ ಅರ್ಥವಾಗಬೇಕಿತ್ತು.

ಎರಡು ವಾರ ಬಿಟ್ಟು ಸುಮ್ನೆ ನೋಡಿ ಬರೋಣ ಅಂತ ಹೋದೆ. ಬಾನೆಟ್ ಎತ್ತಿದೆ. ಒಂದು ಕ್ಷಣ ಇದು ನನ್ನ ಕಾರೇ ಅಲ್ಲ ಅನ್ನಿಸಿತು.

ಎಂಜಿನ್ ಫಳಫಳ ಅನ್ನುತ್ತಿತ್ತು. ಪಾಂಟಿಯಾಕ್ ಎಂಜಿನ್ನಿಗೆ ಆಗ ಹಚ್ಚುತ್ತಿದ್ದದ್ದು ಬೆಳ್ಳಿ ಬೆರೆತ ತಿಳಿನೀಲಿ. ಇವರು ಬಳಿದದ್ದು ಫೋರ್ಡ್ ಎಂಜಿನ್ನಿನ ಕಡುನೀಲಿ! ಏರ್ ಕ್ಲೀನರ್ ಮೇಲಿದ್ದ ಮಾಸಿದ ಸ್ಟಿಕರ್ ಕಿತ್ತು ಹೊಸದು ಅಂಟಿಸಿದ್ದರು. ಹಳೇದು ಎಲ್ಲಿ ಅಂದರೆ ಕಸದಲ್ಲಿ. ಹೋಸುಗಳಿಗೆ ಟೈರ್ ಪಾಲಿಶ್ ಹಚ್ಚಿದ್ದರಿಂದ ಎಣ್ಣೆ ತಲೆಯ ಹಾಗೆ ಮಿಂಚುತ್ತಿದ್ದವು. ಇದೆಲ್ಲ ಹೋಗಲಿ, ಹೇಗೋ ಸರಿಮಾಡಬಹುದು.

ಸರಿಮಾಡಲಾಗದ್ದು ಫೈರ್‌ವಾಲ್. ಎಂಜಿನ್ನಿಗೂ ನಮ್ಮ ಕಾಲಿಗೂ ನಡುವೆ ಇರುವ ತಗಡಿನ ಗೋಡೆ ಅದು. ಅಸೆಂಬ್ಲಿ ಲೈನಿನಲ್ಲಿ ಕಾರು ಸಾಗುವಾಗ ಅಲ್ಲಿನ ಕೆಲಸಗಾರರು ಮೇಣದ ಬಳಪದಲ್ಲಿ ನಂಬರು, ಟಿಕ್ ಮಾರ್ಕು ಗೀಚುತ್ತಿದ್ದರು. ಯಾವ ಪಾರ್ಟು ಕೂರಿಸಬೇಕು, ಯಾರು ಚೆಕ್ ಮಾಡಿದರು, ಅಷ್ಟೇ. ಯಾರೂ ಅದನ್ನು ಉಳಿಸಲಿ ಅಂತ ಬರೆದದ್ದಲ್ಲ. ನನ್ನ ಕಾರಿನಲ್ಲಿ ಹಳದಿ ಬಣ್ಣದ ಮೂರು ಅಂಕಿ, ಪಕ್ಕದಲ್ಲಿ ಅವಸರದಲ್ಲಿ ಎಳೆದ ಒಂದು ಗೀಟು ಇತ್ತು. ಐವತ್ತು ವರ್ಷದ ಮೇಲೆ ಆಗಿದ್ದರೂ ಉಳಿದಿತ್ತು. ನಾನು ಎಂಜಿನ್ ಒರೆಸುವಾಗ ಅದರ ಹತ್ತಿರ ಒದ್ದೆ ಬಟ್ಟೆಯನ್ನೂ ಒಯ್ಯುತ್ತಿರಲಿಲ್ಲ.

ಅದನ್ನು ಪ್ರೆಶರ್ ವಾಷರಿನಲ್ಲಿ ತೊಳೆದು, ಮೇಲೆ ಹೊಳಪಿನ ಕಪ್ಪು ಸ್ಪ್ರೇ ಹೊಡೆದಿದ್ದರು.

"ಯಾರು ಹೇಳಿದರು?" ಅಂತ ಕೇಳಿದೆ. ಯಾರೂ ಹೇಳಿರಲಿಲ್ಲ. ತೊಳೆಯುವ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ, ಅದಕ್ಕೇ ಬೈಯಲೂ ಆಗಲಿಲ್ಲ. ಮ್ಯಾನೇಜರ್ ನಾನು ಸಹಿ ಹಾಕಿದ ಕರಾರು ತೆಗೆದು, "ಮಾರಾಟಕ್ಕೆ ಸಿದ್ಧಪಡಿಸುವುದು" ಅನ್ನುವ ಸಾಲಿನ ಮೇಲೆ ಬೆರಳಿಟ್ಟ. ಆಮೇಲೆ ದೊಡ್ಡ ಮನಸ್ಸು ಮಾಡಿ, "ಇದಕ್ಕೆ ನಿಮ್ಮಿಂದ ದುಡ್ಡು ತಗೊಳ್ಳೋದಿಲ್ಲ" ಅಂದ. ಮುಂದಿನ ತಿಂಗಳು ಎಂಡ್ಯೂರಾ ಬಂಪರಿಗೂ ಬಣ್ಣ ಹೊಡೆದು ಕಾರಿನ ಮೈಬಣ್ಣಕ್ಕೆ ಮ್ಯಾಚ್ ಮಾಡೋಣ ಅನ್ನುವ ಯೋಚನೆ ಇತ್ತಂತೆ. ಅಷ್ಟರಲ್ಲಿ ಹೋದದ್ದು ನನ್ನ ಅದೃಷ್ಟ.

ಮನೆಗೆ ಬಂದು ಹೇಳಿದರೆ, ಯಾವತ್ತೂ ಆ ಕಾರನ್ನು ಹೊಗಳದ ಹೆಂಡತಿ ಫೋಟೋ ನೋಡಿ, "ಹಳೇ ದೇವಸ್ಥಾನದ ಕಲ್ಲಿನ ಕಂಬಕ್ಕೆ ಆಯಿಲ್ ಪೇಂಟ್ ಬಳಿದ ಹಾಗಿದೆ" ಅಂದಳು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಗೀಚಿದ್ದರ ಹಳೇ ಫೋಟೋ ನನ್ನ ಹತ್ತಿರ ಇದ್ದವು. ಅದನ್ನು ನೋಡಿಕೊಂಡು ಅದೇ ಹಳದಿಯಲ್ಲಿ ಮತ್ತೆ ಬರೆಯಬಹುದು ಅಂತ ಒಬ್ಬರು ಸಲಹೆ ಕೊಟ್ಟರು. ರೆಸ್ಟೋರ್ ಮಾಡಿದ ಕಾರುಗಳಲ್ಲಿ ಹಾಗೆ ಮಾಡುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಒರಿಜಿನಲ್ ಅಂತ ಹೇಳಿ ಮಾರುವ ಕಾರಿನಲ್ಲಿ ನಾನು ಬರೆದರೆ ಅದು ನನ್ನ ಕೈಬರಹ, ಕಾರ್ಖಾನೆಯದಲ್ಲ. ಬಿಟ್ಟೆ.

ಬಂದ ಒಂದೇ ಒಂದು ಗಟ್ಟಿ ಗಿರಾಕಿ 40,000 ಅಂದರು. ಕಮಿಷನ್ ಕಳೆದರೆ ನನ್ನ ಕೈಗೆ 36,000. ಅಕ್ಟೋಬರಿನಲ್ಲಿ ಕಾರು ವಾಪಸ್ ತಂದೆ. ನೀವು ಶೋರೂಮಿಗೇ ಕೊಡುವುದಾದರೆ, "ಮಾಲೀಕರ ಬರಹದ ಒಪ್ಪಿಗೆ ಇಲ್ಲದೆ ತೊಳೆಯಬಾರದು, ಬಣ್ಣ ಹಚ್ಚಬಾರದು, ಏನನ್ನೂ ಬದಲಿಸಬಾರದು" ಅಂತ ಕರಾರಿನಲ್ಲೇ ಬರೆಸಿ. ಬಾಯಿಮಾತು ಸಾಲದು.

ಆನ್‌ಲೈನ್ ಹರಾಜು

ಇದು ನನಗೆ ಹಿಡಿಸಿತು, ಮಾರಾಟವಾಗದೇ ಇದ್ದರೂ. ಹೆಚ್ಚುಕಡಿಮೆ 200 ಫೋಟೋ, ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡುವ ವಿಡಿಯೊ, ಬಾಡಿಯ ಒಂದೊಂದು ತಗಡಿನ ಮೇಲೂ ಬಣ್ಣ ಎಷ್ಟು ದಪ್ಪ ಅಂತ ಮೀಟರ್ ಇಟ್ಟು ತೆಗೆದ ಲೆಕ್ಕ. ಮೀಟರ್ ತಗೊಳ್ಳಿ, ತೀರಾ ದುಬಾರಿಯೇನಲ್ಲ. ಲ್ಯಾಕರ್ ತೆಳ್ಳಗಿರುತ್ತದೆ. ಮತ್ತೆ ಬಣ್ಣ ಹೊಡೆದಲ್ಲಿ ಅಂಕಿ ಏರುತ್ತದೆ, ಪುಟ್ಟಿ ಮೆತ್ತಿದಲ್ಲಿ ಹಾರಿಬಿಡುತ್ತದೆ.

ಏಳು ದಿನ ನಿದ್ದೆ ಇಲ್ಲ. ಆಫೀಸಿನ ಮೀಟಿಂಗಿನಲ್ಲಿ ಕೂತು ಮೇಜಿನ ಕೆಳಗೆ ಉತ್ತರ ಟೈಪ್ ಮಾಡುತ್ತಿದ್ದೆ. ಕೇಳುವವರು ಮಾತ್ರ ಜಾಣರು. ಸಿಲಿಂಡರ್ ಹೆಡ್ ಮೇಲೆ 16 ಅನ್ನುವ ನಂಬರ್ ಇದೆಯಾ ಅಂತ ಒಬ್ಬರು. ಎಂಜಿನ್ ಬ್ಲಾಕಿನ ಮೇಲಿನ ಎರಡಕ್ಷರ ತೋರಿಸಿ ಅಂತ ಇನ್ನೊಬ್ಬರು. ಎಗ್ಸಾಸ್ಟ್ ಕ್ಲ್ಯಾಂಪ್ ಆ ಕಾಲದ್ದಲ್ಲ ಅಂತ ಮಗದೊಬ್ಬರು. ಕಾರ್ಬ್ಯುರೇಟರ್ ಆಮೇಲೆ ಹಾಕಿದ ಬದಲಿ ಅನ್ನುವುದು ಹನ್ನೊಂದು ವರ್ಷ ಇಟ್ಟುಕೊಂಡ ನನಗೇ ಗೊತ್ತಿರಲಿಲ್ಲ, ಅದರ ಮೇಲಿನ ನಂಬರ್ ಓದಿ ಹೇಳಿದರು. ಫೈರ್‌ವಾಲ್ ಯಾಕೆ ಹೀಗೆ ಹೊಳೆಯುತ್ತಿದೆ ಅನ್ನುವ ಪ್ರಶ್ನೆ ಮೊದಲ ಗಂಟೆಯಲ್ಲೇ ಬಂತು. ಮುಚ್ಚಿಡದೆ ನಡೆದದ್ದನ್ನು ಹೇಳಿದೆ. ರಟ್ಟಿನ ಪೆಟ್ಟಿಗೆಯ ಫೋಟೋಕ್ಕೆ "ಚೆನ್ನಾಗಿದೆ" ಅನ್ನುವ ಒಂದು ಪದ ಸಿಕ್ಕಿತು.

ನನ್ನ ತಪ್ಪು ಎರಡು. ನವೆಂಬರಿನಲ್ಲಿ ಹಾಕಿದ್ದು. ಹಿಮ ಬೀಳುವ ಹೊತ್ತಿಗೆ ಇಂಥ ಕಾರು ಕೊಂಡು ಏನು ಮಾಡುತ್ತಾರೆ? ಮತ್ತೆ ರಿಸರ್ವ್, ಅಂದರೆ ಅದಕ್ಕಿಂತ ಕಮ್ಮಿಗೆ ಕೊಡುವುದಿಲ್ಲ ಅನ್ನುವ ಬೆಲೆ, 42,000 ಇಟ್ಟದ್ದು. ಕೊನೆಯ ಎರಡು ನಿಮಿಷದಲ್ಲಿ ಯಾರಾದರೂ ಕೂಗಿದರೆ ಸಮಯ ಮತ್ತೆ ಎರಡು ನಿಮಿಷಕ್ಕೆ ಬರುತ್ತದೆ, ಹಾಗಾಗಿ ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ. 38,500ಕ್ಕೆ ನಿಂತಿತು. ಖರ್ಚು ಅಂದರೆ ಲಿಸ್ಟಿಂಗಿನ ಸಣ್ಣ ಫೀಸು ಅಷ್ಟೇ, ಅಲ್ಲಿ ಪರ್ಸೆಂಟ್ ಕೊಡುವುದು ಕೊಳ್ಳುವವರು.

ಟಿವಿಯಲ್ಲಿ ಬರುವಂಥ ದೊಡ್ಡ ಸಭಾಂಗಣದ ಹರಾಜಿಗೆ ನಾನು ಹೋಗಲಿಲ್ಲ. ಎಂಟ್ರಿ ಫೀಸು, ಸಾಗಾಣಿಕೆ, ಹೋಟೆಲು ಸೇರಿಸಿ ಲೆಕ್ಕ ಹಾಕಿದೆ, ಅಲ್ಲಿಗೇ ಕೈಬಿಟ್ಟೆ.

ನೇರ ಮಾರಾಟ

ಚಳಿಗಾಲ ಪೂರ್ತಿ ಗ್ಯಾರೇಜಿನಲ್ಲಿಟ್ಟೆ. ಆಗಸ್ಟ್ ಬಂತು. ಡೆಟ್ರಾಯ್ಟ್ ಕಡೆಯವರಿಗೆ ಆಗಸ್ಟ್ ಅಂದರೆ ವುಡ್‌ವರ್ಡ್ ಡ್ರೀಮ್ ಕ್ರೂಸ್. 1995ರಿಂದ ನಡೆಯುತ್ತಿದೆ. ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ, ಫರ್ನ್‌ಡೇಲ್‌ನಿಂದ ಪಾಂಟಿಯಾಕ್‌ವರೆಗೆ, ಹಳೇ ಕಾರುಗಳ ಜಾತ್ರೆ. ಒಂದು ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿ, ಗಾಜಿನ ಮೇಲೆ ಕಾಗದ ಅಂಟಿಸಿ, ಮಡಿಸುವ ಕುರ್ಚಿ ಹಾಕಿಕೊಂಡು ಕೂತೆ. ಬುತ್ತಿಯಲ್ಲಿ ಪುಳಿಯೋಗರೆ.

ತಲೆನೋವು ಇಲ್ಲ ಅಂತಲ್ಲ. "ಒಂದು ರೌಂಡ್ ಓಡಿಸಲಾ?" ಅನ್ನುವವರು ಹತ್ತು ಜನ. ಒಬ್ಬ ಹುಡುಗ ಜಿಎಂನ ಹೊಸ ಕಾಲದ ಎಲ್ಎಸ್ ಎಂಜಿನ್ ಕೂರಿಸಿ, ಕಪ್ಪು ಬಣ್ಣ ಹೊಡೆಸುತ್ತೇನೆ ಅಂತ ಖುಷಿಯಿಂದ ಹೇಳಿದ. 41,000 ಕೊಡಲು ತಯಾರಿದ್ದ. ಇಲ್ಲ ಅಂದೆ. 48,000 ಅಂದಿದ್ದರೆ ಏನು ಮಾಡುತ್ತಿದ್ದೆನೋ, ಅದನ್ನು ಕೇಳಬೇಡಿ.

ಕೊಂಡವರು ಎಪ್ಪತ್ತು ದಾಟಿದ ಹಿರಿಯರು, ಟೂಲ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೊದಲು ಬೆಲೆ ಕೇಳಲಿಲ್ಲ. ಡಿಕ್ಕಿಯಲ್ಲಿರುವ ಸ್ಟೆಪ್ನಿ ನೋಡಬಹುದಾ ಅಂದರು. ಮುಂದಿನ ವಾರ ಮನೆಗೆ ಬಂದರು. ಟಾರ್ಚು, ಹಲ್ಲಿನ ಡಾಕ್ಟರ ಬಳಿ ಇರುವಂಥ ಪುಟ್ಟ ಕನ್ನಡಿ, ಹಾಸಿಕೊಳ್ಳಲು ರಟ್ಟು. ಆ ವಯಸ್ಸಿನಲ್ಲಿ ಕಾರಿನ ಕೆಳಗೆ ನುಸುಳಿ, ಸ್ಪ್ರಿಂಗಿನ ಮೇಲೆ ಉಳಿದಿದ್ದ ಕಾಗದದ ಚೀಟಿಯ ಚೂರು ಹುಡುಕಿ ತೋರಿಸಿದರು. ಆ ಹಾಳು ಕಡುನೀಲಿಯ ಅಡಿಯಲ್ಲಿ ಬ್ಲಾಕಿನ ನಂಬರ್ ಇದ್ದ ಜಾಗವನ್ನು ಪ್ಲಾಸ್ಟಿಕ್ ಚೂರಿನಿಂದ ಮೆಲ್ಲಗೆ ಕೆರೆದು ಓದಿದರು. ದಾಖಲೆಗೆ ತಾಳೆ ಆಯಿತು. ಆಮೇಲೆ ರಟ್ಟಿನ ಪೆಟ್ಟಿಗೆ ಮುಂದಿಟ್ಟೆ. ಗ್ಯಾರೇಜಿನ ನೆಲದ ಮೇಲೆ ಕೂತು ಒಂದು ಗಂಟೆ ಒಂದೊಂದೇ ಚೀಟಿ ಓದಿದರು. ಹೆಂಡತಿ ಟೀ ತಂದಿಟ್ಟದ್ದು ಆರಿಹೋಯಿತು.

ನಾನು 46,000 ಬರೆದಿದ್ದೆ. ಚೌಕಾಸಿಯಲ್ಲಿ 45,500 ಆಯಿತು. ಫೈರ್‌ವಾಲಿಗಾಗಿ 1,500 ಮುರಿದುಕೊಂಡರು. ನ್ಯಾಯವೇ. 44,000ಕ್ಕೆ ಕೈಕುಲುಕಿದೆವು. ನಕಲಿ ಕ್ಯಾಷಿಯರ್ಸ್ ಚೆಕ್ಕಿನ ಭಯ ಇದ್ದದ್ದರಿಂದ ಇಬ್ಬರೂ ಅವರ ಬ್ಯಾಂಕಿಗೇ ಹೋದೆವು, ಅಲ್ಲೇ ಟೈಟಲ್‌ಗೆ (ಕಾರಿನ ಒಡೆತನದ ಪತ್ರ) ಸಹಿ ಹಾಕಿದೆ. ಮಿಶಿಗನ್ನಿನಲ್ಲಿ ನಂಬರ್ ಪ್ಲೇಟ್ ಮಾರಿದವರ ಹತ್ತಿರವೇ ಉಳಿಯುತ್ತದೆ, ಬಿಚ್ಚಿಕೊಳ್ಳಲು ಮರೆಯಬೇಡಿ. ನಾನು ಮರೆತು, ಮತ್ತೆ ಓಡಿಹೋಗಿ ಬಿಚ್ಚಿದೆ.

ಹಾಗಾದರೆ ಯಾವುದು?

ನನಗೆ ಶನಿವಾರಗಳು ಖಾಲಿ. ಅಪರಿಚಿತರ ಹತ್ತಿರ ಮಾತಾಡುವ ಚಟ ಇದೆ. ವುಡ್‌ವರ್ಡ್ ಮನೆ ಬಾಗಿಲಲ್ಲಿದೆ. ಮೈಸೂರಿನ ಮನೆಯ ರಿಪೇರಿಗೆ ಕಮಿಷನ್ನಿನ ನಾಲ್ಕು ಸಾವಿರ ಡಾಲರೂ ಬೇಕಿತ್ತು. ಹಾಗಾಗಿ ನೇರ ಮಾರಾಟ. ನೀವು ಮಾತು ಕಮ್ಮಿ ಅನ್ನುವವರಾದರೆ, ಹಳೇ ಕಾರಿನವರು ಹೆಚ್ಚಿಲ್ಲದ ಊರಿನಲ್ಲಿದ್ದರೆ, ಹರಾಜೇ ಸರಿ. ಏಪ್ರಿಲ್ ಅಥವಾ ಮೇನಲ್ಲಿ ಹಾಕಿ, ರಿಸರ್ವ್ ಜಾಸ್ತಿ ಇಡಬೇಡಿ. ಪೂರ್ತಿ ರೆಸ್ಟೋರ್ ಆಗಿ ಮಿಂಚುವ ಕಾರಾದರೆ ಶೋರೂಮೂ ನಡೆದೀತು, ತೊಳೆದರೆ ಕಳೆದುಕೊಳ್ಳುವುದು ಏನೂ ಇಲ್ಲವಲ್ಲ.

ಹೋದ ತಿಂಗಳು ಆ ಹಿರಿಯರು ಫೋನ್ ಮಾಡಿದ್ದರು. ಫೈರ್‌ವಾಲಿನ ಹಳೇ ಫೋಟೋ ಕಳಿಸಲು ಸಾಧ್ಯವಾ ಅಂತ. ಮತ್ತೆ ಬರೆಸುತ್ತೀರಾ ಅಂತ ಕೇಳಿದೆ. ಇಲ್ಲ, ಪ್ರಿಂಟ್ ಹಾಕಿಸಿ ಗ್ಲೋವ್ ಬಾಕ್ಸಿನಲ್ಲಿ ಇಡುತ್ತೇನೆ, ಫ್ಯಾಕ್ಟರಿ ದಾಖಲೆಯ ಜೊತೆಗೆ, ಅಂದರು. ಇದ್ದ ಆರೂ ಫೋಟೋ ಅವತ್ತೇ ಕಳಿಸಿದೆ.