ಇಡಿಟರಾಡ್‌ಗೆ ನಾಯಿ ಊಟ: ಒಣ ಡಾಗ್‌ಫುಡ್ಡೋ, ಹೆಪ್ಪುಗಟ್ಟಿದ ಮಾಂಸವೋ?

ಇಡಿಟರಾಡ್ ಎಂಬ ನಾಯಿ ಜಾರುಬಂಡಿ ರೇಸಿನಲ್ಲಿ ಅಲಾಸ್ಕಾದ ಆಂಕರೇಜ್‌ನಿಂದ ನೋಮ್‌ವರೆಗೆ ಸುಮಾರು 1,600 ಕಿ.ಮೀ. ಜಾರುಬಂಡಿ ಎಳೆಯುವ ನಾಯಿಗೆ ದಿನಕ್ಕೆ 10,000 ಕಿಲೊಕ್ಯಾಲೊರಿಯಷ್ಟು ಬೇಕಾಗಬಹುದು. ಹಾಗಾಗಿ ಚೆಕ್‌ಪಾಯಿಂಟ್‌ಗಳಿಗೆ ಮುಂಚಿತವಾಗಿ ಕಳಿಸುವ ಚೀಲದಲ್ಲಿ ಏನು ತುಂಬಬೇಕು ಅನ್ನುವುದೇ ದೊಡ್ಡ ಲೆಕ್ಕ.

ಒಣ ಡಾಗ್‌ಫುಡ್ ಕೆಡುವುದಿಲ್ಲ, ಅಳೆದು ಹಾಕುವುದೂ ಸುಲಭ. ಆದರೆ ಅದರಲ್ಲಿ ನೀರು ತೀರಾ ಕಡಿಮೆ. ಹಿಮ ಕರಗಿಸಿದ ಬಿಸಿನೀರಲ್ಲಿ ನೆನೆಸದೆ ಹಾಕಿದರೆ ದಣಿದ ನಾಯಿಯ ಮೈ ಒಣಗುತ್ತದೆ, ಹೊಟ್ಟೆಯೂ ಕೆಡುತ್ತದೆ. ಕುತ್ತಿಗೆಯ ಚರ್ಮ ಎಳೆದು ಬಿಟ್ಟು ನೋಡಿ: ತಕ್ಷಣ ಹಿಂದಕ್ಕೆ ಹೋಗದಿದ್ದರೆ ನೀರು ಸಾಲದು.

ಕೊಬ್ಬಿಲ್ಲದ ಮಾಂಸದ ಮುಕ್ಕಾಲು ಪಾಲು ನೀರೇ. ಅಂದರೆ ಬಂಡಿಯಲ್ಲಿ ನೀರನ್ನೇ ಹೊತ್ತು ಸಾಗಿಸಿದಂತೆ! ಆದರೆ ನಾಯಿಗೆ ಅದೇ ಬೇಕು, ರುಚಿಯೂ ಉಂಟು. ಇನ್ನು ಶಕ್ತಿಗೆ ಕೊಬ್ಬು: ಅದು ಗ್ರಾಮಿಗೆ 9 ಕಿಲೊಕ್ಯಾಲೊರಿ ಕೊಡುತ್ತದೆ. ಹೆಪ್ಪುಗಟ್ಟಿದ ಮಾಂಸವನ್ನು ಮೊದಲೇ ತೆಳ್ಳಗೆ ಗರಗಸದಿಂದ ಕೊಯ್ದಿಟ್ಟರೆ ದಾರಿಯಲ್ಲಿ ಬಂಡಿ ನಿಲ್ಲಿಸಿದಾಗ ನಾಯಿಗಳು ಕರುಮ್ಮೆಂದು ಅಗಿದುಬಿಡುತ್ತವೆ. ಬಿಸಿಲೇರಿ ಚೀಲ ಕರಗಿತೋ, ಮಾಂಸ ಕೆಟ್ಟು ಇಡೀ ತಂಡಕ್ಕೆ ಭೇದಿ.

ನಮ್ಮ ಆಯ್ಕೆ: ಬಿಡಾರ ಹೂಡಿದಾಗ ನೆನೆಸಿದ ಡಾಗ್‌ಫುಡ್‌ಗೆ ಕೊಬ್ಬು ಬೆರೆಸಿ, ಓಟದ ನಡುವೆ ಮಾಂಸದ ಚೂರು. ರೇಸಿನ ದಿನವೇ ಹೊಸ ಆಹಾರ ಶುರುಮಾಡಬೇಡಿ, ತರಬೇತಿಯಲ್ಲೇ ರೂಢಿ ಮಾಡಿಸಿ.