ಏಳು ಅಡಿಯ ರಾಡ್, 3000 ಸೈಜಿನ ರೀಲ್: ಕೆರೆ ದಡದಲ್ಲಿ ಮೂರು ವರ್ಷ ಬಳಸಿದ ಮೇಲೆ

ಹೊಸದಾಗಿ ಗಾಳ ಹಿಡಿಯುವವರಿಗೆಂದು ಮಾರುವ ಕಾಂಬೋ ಸೆಟ್ ಇದು. 2.1 ಮೀಟರಿನ, ಎರಡು ತುಂಡಿನ ಫೈಬರ್ ರಾಡ್, 3000 ಸೈಜಿನ ಸ್ಪಿನ್ನಿಂಗ್ ರೀಲ್, ಜೊತೆಗೆ ಸುತ್ತಿಯೇ ಕೊಡುವ ನೈಲಾನ್ ಲೈನ್. ಬೆಂಗಳೂರಿನ ಸುತ್ತಲಿನ ಕೆರೆಗಳ ದಡದಲ್ಲಿ ಟೆಂಟ್ ಹಾಕಿ ಬಳಸಿದ ಆಧಾರದ ಮೇಲೆ 5ಕ್ಕೆ 3.5 ಕೊಡಬಹುದು. ಕಳೆದುಹೋದ ಒಂದೂವರೆ ಅಂಕದಲ್ಲಿ ಒಂದು ಪೂರ್ತಿ ಲೈನಿನದ್ದೇ. ರಾಡ್ ಚೆನ್ನಾಗಿದೆ, ರೀಲ್ ಪರವಾಗಿಲ್ಲ. ಲೈನನ್ನು ಮಾತ್ರ ಮೊದಲ ದಿನವೇ ಬಿಚ್ಚಿ ಎಸೆಯಿರಿ.

ಕಾರಣ ಇದೆ. ಗೋದಾಮಿನಲ್ಲಿ ತಿಂಗಳುಗಟ್ಟಲೆ ಸುತ್ತಿಕೊಂಡೇ ಕೂತ ನೈಲಾನ್ ಸ್ಪ್ರಿಂಗಿನಂತೆ ಸುರುಳಿ ಕಟ್ಟಿರುತ್ತೆ. ಎಸೆದಾಗ ಐದಾರು ಸುತ್ತು ಒಟ್ಟಿಗೆ ಹಾರಿ ರಾಡಿನ ರಿಂಗಿನ ಬಳಿ ಗಂಟಾಗುತ್ತೆ. ಹೊಸಬರು ತಮ್ಮ ಕೈಯನ್ನೇ ದೂರುತ್ತಾರೆ, ತಪ್ಪು ಕೈಯದಲ್ಲ. 0.30 ಮಿ.ಮೀ. ದಪ್ಪದ ಹೊಸ ಮೋನೋ (ಒಂದೇ ಎಳೆಯ ನೈಲಾನ್) ಲೈನ್ ಸುಮಾರು 150 ಮೀಟರ್ ತನ್ನಿ. ಸ್ಪೂಲಿನ, ಅಂದರೆ ರೀಲಿನಲ್ಲಿ ಲೈನ್ ಸುತ್ತುವ ಉರುಳೆಯ, ಅಂಚಿಗಿಂತ 2 ಮಿ.ಮೀ. ಕೆಳಗೆ ಬರುವಷ್ಟು ತುಂಬಬೇಕು. ಇನ್ನೂ ಕೆಳಗಿದ್ದರೆ ಲೈನ್ ಅಂಚಿಗೆ ಉಜ್ಜಿ ಎಸೆತ ಗಿಡ್ಡವಾಗುತ್ತೆ, ಅಂಚಿನವರೆಗೂ ತುಂಬಿದರೆ ಮತ್ತೆ ಗಂಟು. ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ಲೈನನ್ನು ಹಿಡಿದು ಬಿಗಿಯಾಗಿ ಸುತ್ತಿ. ಗಾಳಕ್ಕೆ ಗಂಟು ಹಾಕುವಾಗಲೂ ಅಷ್ಟೇ, ಎಂಜಲು ಮಾಡಿ ಬಿಗಿದರೆ ಸರಿ. ಒಣಗಿದ ನೈಲಾನನ್ನು ಎಳೆದು ಬಿಗಿದರೆ ಉಜ್ಜಿದ ಬಿಸಿಗೆ ಗಂಟಿನ ಜಾಗವೇ ಸೋಲುತ್ತೆ.

ರೀಲಿನ ಬಗ್ಗೆ ಎರಡೇ ಎಚ್ಚರಿಕೆ. ಎಸೆದಾದ ಮೇಲೆ ಬೇಲನ್ನು, ಅಂದರೆ ಲೈನ್ ಹಿಡಿಯುವ ಆ ತಂತಿಯ ಬಿಲ್ಲನ್ನು, ಕೈಯಿಂದಲೇ ಮುಚ್ಚಿ. ಹ್ಯಾಂಡಲ್ ತಿರುಗಿಸಿ ಮುಚ್ಚಿದರೆ ಪ್ರತಿ ಸಲವೂ ಸಡಿಲ ಸುತ್ತೊಂದು ಉಳಿದು ಮುಂದಿನ ಎಸೆತದಲ್ಲಿ ಗಂಟಾಗುತ್ತೆ. ಎರಡನೆಯದು, ಮೀನು ಎಳೆದು ಡ್ರ್ಯಾಗ್, ಅಂದರೆ ಎಳೆತ ಹೆಚ್ಚಾದಾಗ ಲೈನ್ ಬಿಡುವ ರೀಲಿನ ಬ್ರೇಕ್, ಕಿರ್ ಎನ್ನುತ್ತಿರುವಾಗ ಹ್ಯಾಂಡಲ್ ತಿರುಗಿಸಬಾರದು. ಲೈನ್ ಒಂದಿಂಚೂ ಒಳಗೆ ಬರುವುದಿಲ್ಲ, ತಿರುಚು ಮಾತ್ರ ಸೇರುತ್ತೆ. ಡ್ರ್ಯಾಗನ್ನು ಅಂದಾಜಿಗೆ ಬಿಗಿಯಬೇಡಿ. ಲಗೇಜ್ ತೂಗುವ ಕೈತಕ್ಕಡಿಗೆ ಲೈನ್ ಕಟ್ಟಿ ಎಳೆದು ನೋಡಿ: 6 ಕೆ.ಜಿ. ತಡೆಯುವ ಲೈನಿಗೆ 1.5ರಿಂದ 2 ಕೆ.ಜಿ. ಎಳೆತದಲ್ಲಿ ಸ್ಪೂಲ್ ಲೈನ್ ಬಿಡಬೇಕು.

ಇನ್ನು ಎಲ್ಲಿ ಎಸೆಯಬೇಕು ಅನ್ನುವುದು. ವಿದೇಶಿ ವಿಡಿಯೊಗಳ ಸಲಹೆ ಇಲ್ಲಿ ಅರ್ಧವಷ್ಟೇ ಹೊಂದುತ್ತೆ, ಏಕೆಂದರೆ ನಮ್ಮವು ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಕಟ್ಟಿದ ಕೆರೆಗಳು. ಆಳ ಇರುವುದು ಏರಿಯ ಕಡೆ, ಅದರಲ್ಲೂ ತೂಬಿನ ಸುತ್ತ. ನೀರು ಒಳಬರುವ ಕಡೆ ಹೂಳು ತುಂಬಿ ಮೊಣಕಾಲುದ್ದ ನೀರಿರುತ್ತೆ. ಹಾಗೆಂದು ಏರಿಯ ಮೇಲೆ ಕೂತು ಸೀಸವನ್ನು ತಳಕ್ಕೆ ಬಿಟ್ಟರೆ ಅದು ಹೊದಿಸಿದ ಕಲ್ಲುಗಳ ಸಂದಿಗೆ ಸಿಕ್ಕಿಕೊಳ್ಳುತ್ತೆ. ಏರಿಯ ಬಳಿ ಬೆಂಡು ಕಟ್ಟಿ, ಹುಳು ಕಲ್ಲಿಗಿಂತ ಒಂದಡಿ ಮೇಲೆ ತೂಗುವಂತೆ ಇಡಿ. ಬೆಂಡು ನೆಟ್ಟಗೆ ನಿಲ್ಲದೆ ಮಲಗಿತು ಅಂದರೆ ಸೀಸ ತಳ ಮುಟ್ಟಿದೆ, ಬೆಂಡನ್ನು ಗಾಳದ ಕಡೆ ಇಳಿಸಿ. ನೀರಿನ ಆಳ ರಾಡಿನ ಉದ್ದಕ್ಕಿಂತ ಹೆಚ್ಚಿದ್ದರೆ ಕಟ್ಟಿದ ಬೆಂಡಿನಿಂದ ಎಸೆಯಲು ಆಗುವುದಿಲ್ಲ, ಜಾರುವ ಬೆಂಡು ಮತ್ತು ಅದನ್ನು ತಡೆಯುವ ದಾರದ ಗಂಟು ಬೇಕು.

ಪಕ್ಕದ ದಡಗಳಲ್ಲಿ, ಜೊಂಡು ಮುಗಿದು ತೆರೆದ ನೀರು ಶುರುವಾಗುವ ಅಂಚಿನಲ್ಲಿ ತಳದ ಗಾಳ ಚೆನ್ನಾಗಿ ನಡೆಯುತ್ತೆ. ಲೈನಿಗೆ ಮೊದಲು ತೂತಿರುವ 15 ಗ್ರಾಂ ಸೀಸ ಪೋಣಿಸಿ, ಆಮೇಲೆ ಒಂದು ಮಣಿ, ಕೊನೆಗೆ ಸ್ವಿವೆಲ್, ಅಂದರೆ ಎರಡೂ ತುದಿ ಬೇರೆ ಬೇರೆಯಾಗಿ ತಿರುಗುವ ಕೊಂಡಿ, ಕಟ್ಟಿ. ಸ್ವಿವೆಲ್ಲಿನ ಆಚೆ 0.25 ಮಿ.ಮೀ. ಲೈನ್ 40 ಸೆಂ.ಮೀ., ಅದರ ತುದಿಗೆ ಗಾಳ. ಆಚೆಯ ತುಂಡು ತೆಳ್ಳಗಿರಲೇಬೇಕು. ಬೇರಿಗೋ ಕಲ್ಲಿಗೋ ಗಾಳ ಸಿಕ್ಕಿದಾಗ ಅದಷ್ಟೇ ಕಿತ್ತು ಹೋಗುತ್ತೆ, ಇಲ್ಲದಿದ್ದರೆ ಮೂವತ್ತು ಮೀಟರ್ ಲೈನ್ ನೀರಲ್ಲೇ ಉಳಿದು ಕೊಕ್ಕರೆಯ ಕಾಲಿಗೆ ಸುತ್ತಿಕೊಳ್ಳುತ್ತೆ. ಗಾಳದ ನಂಬರ್ ಹೆಚ್ಚಿದಷ್ಟೂ ಗಾಳ ಸಣ್ಣದು. ಜಿಲೇಬಿ ಮೀನಿನ ಬಾಯಿ ಸಣ್ಣದು, ಅದಕ್ಕೆ 8 ಅಥವಾ 10. ಗೆಂಡೆ, ರೋಹುಗೆ 4 ಅಥವಾ 6. ದೊಡ್ಡ ಗಾಳ ಹಾಕಿಕೊಂಡು ಹುಳು ಬರೀ ಕಚ್ಚಿ ಹೋಗ್ತಿದೆ ಎನ್ನುವವರೇ ಜಾಸ್ತಿ. ಎರೆಹುಳುವಿನ ಬಾಲವನ್ನೂ ಉದ್ದಕ್ಕೆ ಬಿಡಬೇಡಿ, ಜಿಲೇಬಿಗೆ 2 ಸೆಂ.ಮೀ. ತುಂಡು ಸಾಕು.

ಹಿಟ್ಟಿನ ಉಂಡೆಗೆ ಗೋಧಿಹಿಟ್ಟು 2 ಪಾಲು, ಕಡಲೆಕಾಯಿ ಹಿಂಡಿಯ ಪುಡಿ 1 ಪಾಲು. ನೀರನ್ನು ಚಮಚದ ಲೆಕ್ಕದಲ್ಲಿ ಹಾಕುತ್ತಾ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ. ಎಸೆದಾಗ ಕಳಚಿ ಬೀಳುತ್ತಿದ್ದರೆ ನೀರು ಹೆಚ್ಚಾಗಿದೆ, ಚಿಟಿಕೆ ಹತ್ತಿಯನ್ನು ಬಿಡಿಸಿ ಸೇರಿಸಿ ನಾದಿದರೆ ಹಿಡಿದುಕೊಳ್ಳುತ್ತೆ. ರಾಡಿನ ಮೇಲೆ ಬರೆದಿರುವ 10ರಿಂದ 30 ಗ್ರಾಂ ಅನ್ನುವುದು ಸೀಸ ಮತ್ತು ಉಂಡೆ ಎರಡೂ ಸೇರಿದ ತೂಕ. 15 ಗ್ರಾಂ ಸೀಸಕ್ಕೆ ನಿಂಬೆ ಗಾತ್ರದ ಉಂಡೆ ಮೆತ್ತಿ ಜೋರಾಗಿ ಬೀಸಿದರೆ ರಾಡಿನ ತುದಿ ಮುರಿಯುತ್ತೆ.

ಏಪ್ರಿಲ್, ಮೇ ತಿಂಗಳಲ್ಲಿ ನಸುಕಿಗೇ ಎದ್ದು ಕೂರುವುದರಿಂದ ಹೆಚ್ಚು ಲಾಭವಿಲ್ಲ. ಪಾಚಿಗಟ್ಟಿದ ಹಸಿರು ನೀರಲ್ಲಿ ರಾತ್ರಿಯಿಡೀ ಆಮ್ಲಜನಕ ಖರ್ಚಾಗಿ ಸೂರ್ಯ ಹುಟ್ಟುವ ಮುಂಚೆ ತೀರಾ ಕಡಿಮೆ ಇರುತ್ತೆ. ಮೀನು ಮೇಲೆ ಬಂದು ಬಾಯಿ ಆಡಿಸುತ್ತಿದ್ದರೆ ಅದು ಹಸಿವಲ್ಲ, ಉಸಿರಾಟದ ಒದ್ದಾಟ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದನ್ನು ಊರೆಲ್ಲ ನೋಡಿದೆ. ಬಿಸಿಲು ಬಿದ್ದು ಒಂದೆರಡು ಗಂಟೆ ಕಳೆಯಲಿ. ನಗರದ ಚರಂಡಿ ನೀರು ಸೇರುವ ಕೆರೆಯ ಮೀನನ್ನು ಶಿಬಿರದ ಒಲೆಗೆ ಏರಿಸಬೇಡಿ, ಬಿಟ್ಟುಬಿಡಿ.

ಟೆಂಟ್ ಹಾಕುವ ಮುಂಚೆ ಕೇಳಬೇಕಾದ ಮಾತು: ಬಹಳ ಕೆರೆಗಳ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತೆ. ಗುತ್ತಿಗೆದಾರರನ್ನೋ ಊರಿನವರನ್ನೋ ಕಂಡು ಒಪ್ಪಿಗೆ ಪಡೆಯಿರಿ. ಕಾವೇರಿ ವನ್ಯಜೀವಿ ಧಾಮದ ಕಡೆ ಈ ಸೆಟ್ ಒಯ್ಯುವ ಯೋಚನೆಯೇ ಬೇಡ. ಅಲ್ಲಿನ ಗೂನುಬೆನ್ನಿನ ಮಹಶೀರ್ 2018ರಿಂದ ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ) ಪಟ್ಟಿಯಲ್ಲಿ ಅತಿ ಅಪಾಯದಲ್ಲಿರುವ ಮೀನು.

ತಲೆಯ ಮೇಲೂ ನೋಡಿ. ನಗರದ ಅಂಚಿನ ಎಷ್ಟೋ ಕೆರೆಗಳ ಮೇಲೆ ಹೈಟೆನ್ಷನ್ ತಂತಿ ಹಾದಿದೆ. ಕಾರ್ಬನ್ ರಾಡ್ ವಿದ್ಯುತ್ ಹರಿಸುತ್ತೆ, ಒದ್ದೆ ಲೈನನ್ನೂ ನಂಬುವಂತಿಲ್ಲ. ಮುಂಗಾರಿಗೆ ಮುಂಚಿನ ಸಂಜೆ ಗುಡುಗು ಕೇಳಿದ ಕೂಡಲೇ ರಾಡನ್ನು ಕೆಳಗಿಟ್ಟು ಏರಿಯಿಂದ ಇಳಿಯಿರಿ. ಸಿಕ್ಕಿಕೊಂಡ ಗಾಳ ಬಿಡಿಸಲು ನೀರಿಗೆ ಮಾತ್ರ ಇಳಿಯಲೇಬೇಡಿ. ಬೇಸಿಗೆಯಲ್ಲಿ ಮಣ್ಣು ತೆಗೆದ ಗುಂಡಿಗಳು ನೀರು ತುಂಬಿದ ಮೇಲೆ ಕಾಣುವುದಿಲ್ಲ. ಮೂವತ್ತು ರೂಪಾಯಿಯ ಗಾಳ ಹೋದರೆ ಹೋಗಲಿ. ರಾತ್ರಿ ಮಲಗುವ ಮುಂಚೆ ಲೈನನ್ನು ಪೂರ್ತಿ ಎಳೆದುಕೊಳ್ಳಿ. ಕವೆಗೋಲಿಗೆ ಒರಗಿಸಿ ಬಿಟ್ಟ ರಾಡನ್ನು ಎರಡು ಕೆ.ಜಿ. ಗೆಂಡೆಯೂ ನೀರಿಗೆ ಎಳೆದೊಯ್ಯಬಲ್ಲದು.

ಮೂರು ವರ್ಷಕ್ಕೆ ಸವೆದದ್ದು ಏನು? ಬೇಲಿನ ಮೂಲೆಯ ಪುಟ್ಟ ರೋಲರ್ ಎರಡನೇ ವರ್ಷಕ್ಕೇ ತಿರುಗುವುದನ್ನು ನಿಲ್ಲಿಸಿತು. ನಿಂತ ರೋಲರ್ ಲೈನನ್ನು ಒಂದೇ ಜಾಗದಲ್ಲಿ ಉಜ್ಜಿ ಸವೆಸುತ್ತೆ. ಮೂರು ನಾಲ್ಕು ಟ್ರಿಪ್ಪಿಗೊಮ್ಮೆ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟರೆ ಸಾಕಿತ್ತು. ತುದಿಯ ರಿಂಗಿನ ಪಿಂಗಾಣಿ ಬಳೆ ಬಿರುಕು ಬಿಟ್ಟಿತು. ಕಣ್ಣಿಗೆ ಕಾಣದ ಬಿರುಕು ಹತ್ತಿಗೆ ಸಿಗುತ್ತೆ, ಇಯರ್ ಬಡ್ ಒಳಗೆ ತಿರುಗಿಸಿ ಎಳೆ ಸಿಕ್ಕಿದರೆ ರಿಂಗ್ ಬದಲಿಸಿ. ಎರಡು ತುಂಡು ಸೇರುವ ಕಡೆ ಮೇಣದಬತ್ತಿ ಉಜ್ಜಿದರೆ ಮಳೆಗಾಲದಲ್ಲೂ ಕಚ್ಚಿಕೊಳ್ಳುವುದಿಲ್ಲ. ರಾಡಿನ ಮೈ ಈಗಲೂ ನೆಟ್ಟಗಿದೆ. ಇಂಥ ರಾಡುಗಳು ಮೀನಿಗಿಂತ ಕಾರಿನ ಬಾಗಿಲಿಗೆ ಸಿಕ್ಕಿಯೇ ಹೆಚ್ಚು ಮುರಿಯುತ್ತವೆ, ಹಾಗಾಗಿ ಒಂದೂವರೆ ಇಂಚಿನ ಪಿವಿಸಿ ಪೈಪನ್ನು ರಾಡಿನ ಒಂದು ತುಂಡಿಗಿಂತ ಕಾಲು ಮೀಟರ್ ಹೆಚ್ಚಿಗೆ ಕತ್ತರಿಸಿ, ಎರಡೂ ತುದಿಗೆ ಮುಚ್ಚಳ ಹಾಕಿ ಅದರಲ್ಲೇ ಒಯ್ಯಿರಿ. ರಿಂಗುಗಳು ಹಿಡಿಯದಿದ್ದರೆ ಎರಡು ಇಂಚಿನದು ಬೇಕಾಗುತ್ತೆ, ಕೊಳ್ಳುವ ಮುಂಚೆ ಅಂಗಡಿಯಲ್ಲೇ ತೂರಿಸಿ ನೋಡಿ.