ಕೆಸುವಿನೆಲೆಯ ಲಾಯಿಂಗೋ, ಹಾಗಲದ ಪಿನಕ್ಬೆಟ್ಟೋ?

ದುಬೈಯ ಸತ್ವಾ, ಕರಾಮ, ರಿಗ್ಗಾ ಕಡೆ ಇರುವ ನಮ್ಮವರಿಗೆ ಫಿಲಿಪಿನೊ ಹೋಟೆಲುಗಳೇನೂ ಹೊಸತಲ್ಲ. ಆದರೆ ಹೆಚ್ಚಿನವರು ಒಳಗೆ ಹೋದರೆ ಚಿಕನ್ ಅಡೊಬೊ, ಪಾನ್ಸಿಟ್ ನೂಡಲ್ಸ್, ಲುಂಪಿಯಾ ರೋಲು ತಿಂದು, "ಸಪ್ಪೆ ಮಾರಾಯ್ರೆ" ಅನ್ನುತ್ತಾ ಹೊರಗೆ ಬರುತ್ತಾರೆ. ಬರೀ ಇಡ್ಲಿ-ವಡೆ ತಿಂದು ಕರ್ನಾಟಕದ ಅಡುಗೆ ಇಷ್ಟೇ ಅಂದ ಹಾಗಾಯಿತು. ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ದೇಶ ಅದು. ಒಂದೊಂದು ಸೀಮೆಗೆ ಒಂದೊಂದು ಅಡುಗೆ. ನಮ್ಮ ಬೀದಿಯ ಹೋಟೆಲೊಂದರ ಮೆನುವಿನ ಕೊನೆ ಪುಟದಲ್ಲಿ ಅಂಥವು ಕೆಲವಿವೆ. ಆಫೀಸಿನ ಫಿಲಿಪಿನೊ ಗೆಳೆಯರ ಜೊತೆ ಕೂತು ನಾಲ್ಕನ್ನು ತಿಂದು ನೋಡಿದೆ: ಪಂಪಂಗಾದ ಸಿಸಿಗ್, ಬಕೊಲೊದ್ ಊರಿನ ಚಿಕನ್ ಇನಸಾಲ್, ಬಿಕೋಲಿನ ಲಾಯಿಂಗ್, ಇಲೋಕೋಸಿನ ಪಿನಕ್ಬೆಟ್.

ಸಿಸಿಗ್ ವಿಚಾರ ಬೇಗ ಮುಗಿಸುತ್ತೇನೆ. ಅದರ ಜೀವ ಇರುವುದು ಹಂದಿಯ ಕಿವಿ, ಕೆನ್ನೆಗಳಲ್ಲಿ. ಬೇಯಿಸಿ, ಕೆಂಡದಲ್ಲಿ ಸುಟ್ಟು, ಸಣ್ಣಗೆ ಕೊಚ್ಚಿ, ಈರುಳ್ಳಿ, ಮೆಣಸು, ಕಲಮಾನ್ಸಿ ಎಂಬ ಪುಟ್ಟ ನಿಂಬೆಯ ರಸ ಸೇರಿಸುವುದು ಅಲ್ಲಿನ ಕ್ರಮ. ದುಬೈಯಲ್ಲಿ ಹಂದಿಮಾಂಸ ಬಡಿಸಲು ಬೇರೆಯೇ ಪರವಾನಗಿ ಬೇಕು. ಈ ಹೋಟೆಲಿಗೆ ಅದಿಲ್ಲ, ಹಾಗಾಗಿ ಕೋಳಿಯಲ್ಲಿ ಮಾಡುತ್ತಾರೆ. ಕಾದ ಕಬ್ಬಿಣದ ತಟ್ಟೆ ಚುರ್ ಎನ್ನುತ್ತಾ ಬರುತ್ತದೆ, ಪಕ್ಕದ ಟೇಬಲಿನವರೆಲ್ಲ ತಿರುಗಿ ನೋಡುತ್ತಾರೆ. ಸದ್ದಿಗಿರುವಷ್ಟು ದಮ್ಮು ರುಚಿಗಿಲ್ಲ.

ಇನಸಾಲ್ ಎಂಥವರಿಗೂ ಒಗ್ಗುತ್ತದೆ. ವಿನೆಗರ್, ಕಲಮಾನ್ಸಿ, ಶುಂಠಿ, ಬೆಳ್ಳುಳ್ಳಿ, ಮಜ್ಜಿಗೆಹುಲ್ಲಿನಲ್ಲಿ ನೆನೆಸಿದ ಕೋಳಿಯನ್ನು ಇದ್ದಿಲ ಮೇಲೆ ಸುಡುತ್ತಾ, ಅನಾಟೊ ಬೀಜ ಕಾಸಿದ ಕೆಂಪೆಣ್ಣೆ ಸವರುತ್ತಾ ಹೋಗುತ್ತಾರೆ. ಎದೆಭಾಗ ಬೇಕೋ ಕಾಲು ಬೇಕೋ ಎಂದು ಮೊದಲೇ ಕೇಳುತ್ತಾರೆ. ಕಣ್ಣು ಮುಚ್ಚಿ ಕಾಲು ಹೇಳಿ, ಎದೆಭಾಗ ಒಣಗಿರುತ್ತದೆ. ಅದೇ ಕೆಂಪೆಣ್ಣೆಯನ್ನು ಅನ್ನಕ್ಕೂ ಸುರಿದುಕೊಳ್ಳಬೇಕು, ಅದಿಲ್ಲದಿದ್ದರೆ ಅರ್ಧ ಊಟ ತಪ್ಪಿದಂತೆ. ಮಕ್ಕಳನ್ನು ಕರೆದೊಯ್ಯುವವರಿಗೆ ಬೇರೆ ಯೋಚನೆಯೇ ಬೇಡ. ಆದರೂ ಸುಟ್ಟ ಕೋಳಿ ಈ ಊರಲ್ಲಿ ಹೆಜ್ಜೆಗೊಂದು ಕಡೆ ಸಿಗುತ್ತದೆ. ಇರಾನಿಯರದ್ದು, ಲೆಬನಾನಿನವರದ್ದು, ನಮ್ಮ ತಂದೂರಿ ಎಲ್ಲದರ ಜೊತೆ ಇದು ಸ್ಪರ್ಧಿಸಬೇಕು.

ನನ್ನ ಮಟ್ಟಿಗೆ ನಿಜವಾದ ಪೈಪೋಟಿ ಉಳಿದೆರಡರ ನಡುವೆ.

ಲಾಯಿಂಗ್ ಎಂದರೆ ಒಣಗಿಸಿದ ಕೆಸುವಿನೆಲೆಯನ್ನು ತೆಂಗಿನಹಾಲಿನಲ್ಲಿ ಶುಂಠಿ, ಮೆಣಸು, ಒಣಸಿಗಡಿ ಹಾಕಿ ಬೇಯಿಸಿದ್ದು. ಲುಝೋನ್ ದ್ವೀಪದ ಆಗ್ನೇಯ ತುದಿಯ ಬಿಕೋಲ್, ಮಯೋನ್ ಜ್ವಾಲಾಮುಖಿ ಇರುವ ಸೀಮೆ. ತೆಂಗಿನಹಾಲು, ಖಾರ ಎರಡರಲ್ಲೂ ಆ ಜನ ಕೈ ಬಿಗಿಹಿಡಿಯುವುದಿಲ್ಲ. ಪತ್ರೊಡೆ ತಿಂದು ಬೆಳೆದ ನನ್ನಂಥವನಿಗೆ ಕೆಸು ಅಂದ ಕೂಡಲೇ ಮೊದಲ ಪ್ರಶ್ನೆ ಗಂಟಲು ತುರಿಸುತ್ತದೋ ಇಲ್ಲವೋ ಎಂಬುದು. ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಅದಕ್ಕೆ ಕಾರಣ. ನಾವು ಹುಣಸೆಹುಳಿ ಸುರಿದು ಅದನ್ನು ಪಳಗಿಸುತ್ತೇವೆ. ಅವರು ಹುಳಿಯ ಗೊಡವೆಗೇ ಹೋಗುವುದಿಲ್ಲ. ಎಲೆ ಒಣಗಿಸಿ, ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸುತ್ತಾರೆ. ಎಲೆ ಮೆತ್ತಗಾಗುವ ತನಕ ಸೌಟು ಆಡಿಸಬಾರದು, ಆಡಿಸಿದರೆ ತುರಿಸುತ್ತದೆ ಎಂಬುದು ಬಿಕೋಲಿನವರ ನಂಬಿಕೆ. ನನಗಂತೂ ತುರಿಸಲಿಲ್ಲ. ಮೊದಲ ನಾಲ್ಕು ತುತ್ತು ಅದ್ಭುತ. ಎಲೆ ಕರಗಿ ತೆಂಗಿನೆಣ್ಣೆ ಬಿಟ್ಟ ಮಸಿಹಸಿರು ಮುದ್ದೆ, ನಡುವೆ ಚುರುಕು ಖಾರ. ಆದರೆ ಹುಳಿ ಇಲ್ಲವಲ್ಲ, ಅರ್ಧ ತಟ್ಟೆ ಮುಗಿಯುವಷ್ಟರಲ್ಲಿ ನಾಲಿಗೆಗೆ ಜಿಡ್ಡು ಕಟ್ಟುತ್ತದೆ. (ಇದೇ ಎಲೆಯಲ್ಲಿ ಹೂರಣ ಕಟ್ಟಿ ತೆಂಗಿನಹಾಲಿನಲ್ಲಿ ಬೇಯಿಸುವ ಪಿನಂಗಾತ್ ಅಲ್ಲಿನ ಕಮಾಲಿಗ್ ಊರಿನ ಹೆಸರುವಾಸಿ ತಿನಿಸು. ಇಲ್ಲಿ ಅದು ಸಿಗುವುದಿಲ್ಲ ಎಂಬುದು ನನ್ನ ದೊಡ್ಡ ಬೇಸರ.)

ಪಿನಕ್ಬೆಟ್ ನೋಡಲಿಕ್ಕೆ ಏನೂ ಅಲ್ಲ: ಹಾಗಲ, ಬದನೆ, ಬೆಂಡೆ, ಅಲಸಂಡೆ, ಟೊಮೆಟೊ. ಮನೆಯಲ್ಲಿ ದಿನಾ ಕಾಣುವ ತರಕಾರಿಗೆ 20 ದಿರ್ಹಮಿನ ಮೇಲೆ ಕೊಡಬೇಕೇ ಅನಿಸುತ್ತದೆ. ಇದರಲ್ಲೂ ಎರಡು ಪಂಗಡ. ಮನಿಲಾ ಕಡೆಯವರು ಸಿಹಿಗುಂಬಳ ಸೇರಿಸಿ ಹುದುಗಿಸಿದ ಸಿಗಡಿ ಹಾಕುತ್ತಾರೆ. ಉತ್ತರದ ಇಲೋಕೋಸಿನವರು ಉಪ್ಪಿನಲ್ಲಿ ತಿಂಗಳುಗಟ್ಟಲೆ ಕೊಳೆಸಿದ ಮೀನಿನ ಬಗೂಂಗ್ ಬಳಸುತ್ತಾರೆ, ಕುಂಬಳದ ಸಿಹಿಯನ್ನು ಒಪ್ಪುವುದಿಲ್ಲ. ಇಲ್ಲಿ ಎರಡೂ ಸಿಗುತ್ತವೆ. ಮನಿಲಾದ್ದು ಸಿಹಿ, ಮೆತ್ತಗೆ, ಮರೆತುಹೋಗುವಂಥದ್ದು. ಇಲೋಕಾನೊ ಪಿನಕ್ಬೆಟ್ ಟೇಬಲಿಗೆ ಬರುವ ಮೊದಲೇ ಅದರ ವಾಸನೆ ಬರುತ್ತದೆ. ಒಣಮೀನಿನ ಗಾಳಿ ಸೋಕದವರು ಎದ್ದು ಹೋದಾರು. ಇದಕ್ಕೂ ಸೌಟು ಹಾಕುವಂತಿಲ್ಲ, ಪಾತ್ರೆಯನ್ನೇ ಹಿಡಿದು ಕುಲುಕಬೇಕಂತೆ. ಹಾಗಾಗಿ ತರಕಾರಿ ಬಾಡಿ ಸುಕ್ಕಾದರೂ ಒಡೆಯುವುದಿಲ್ಲ. ಹಾಗಲದ ಕಹಿ ಇದ್ದ ಹಾಗೇ ಇರುತ್ತದೆ. ಆ ಕಹಿಗೆ ಮೀನಿನ ಉಪ್ಪು, ಟೊಮೆಟೊದ ಹುಳಿ ಸೇರಿ, ಇನ್ನೊಂದು ತಟ್ಟೆ ಅನ್ನ ಕೇಳಿಸಿಯೇ ಬಿಡುತ್ತದೆ.

ಕರಾವಳಿಯವನಾದ ನಾನು ತೆಂಗು-ಕೆಸುವಿನ ಕಡೆ ವಾಲುತ್ತೇನೆ ಅಂತ ಗೆಳೆಯರು ಪಂದ್ಯ ಕಟ್ಟಿದ್ದರು. ಸೋತರು. ಲಾಯಿಂಗ್ ಒಂದನ್ನು ನಾಲ್ವರು ಹಂಚಿಕೊಂಡರೆ ಚೆಂದ. ಒಬ್ಬನೇ ಹೋದ ದಿನ ನಾನು ಹೇಳುವುದು ಇಲೋಕಾನೊ ಪಿನಕ್ಬೆಟ್, ಬಿಳಿ ಅನ್ನ. ಇಬ್ಬರಿದ್ದರೆ ಜೊತೆಗೊಂದು ಇನಸಾಲ್ ಕಾಲು. ಬಡಿಸುವವರನ್ನು "ಆತೆ", "ಕುಯಾ" ಎಂದು ಅಕ್ಕ-ಅಣ್ಣನ ಹಾಗೆ ಕರೆಯುವುದು ಅಲ್ಲಿನ ವಾಡಿಕೆ. ಹಾಗೆ ಕರೆದರೆ ಬಗೂಂಗ್ ಎಷ್ಟಿರಲಿ ಎಂದು ಅವರೇ ವಿಚಾರಿಸುತ್ತಾರೆ.

ಸಸ್ಯಾಹಾರಿಗಳು ಹಸಿರು ನೋಡಿ ಮೋಸಹೋಗಬೇಡಿ, ಎರಡರಲ್ಲೂ ಮೀನು-ಸಿಗಡಿ ಇದೆ. ಲಾಯಿಂಗ್ ಬೆಳಿಗ್ಗೆಯೇ ಬೆಂದಿರುವುದರಿಂದ ಅದರಿಂದ ಸಿಗಡಿ ತೆಗೆಯಲಾಗದು. ಪಿನಕ್ಬೆಟ್ಟನ್ನು ಬಗೂಂಗ್ ಇಲ್ಲದೆ ಮಾಡಿಕೊಡುತ್ತಾರೆ, ಆದರೆ ಅದಕ್ಕಾದರೆ ಮನೆಯ ಪಲ್ಯವೇ ಸಾಕು.